ಬೆಲ್ಲ ನೀರೊಡೆಯದಂತೆ, ಕಂದು ಸಕ್ಕರೆ ಕಲ್ಲಾಗದಂತೆ

ಮಳೆ ಹಿಡಿದು ಹದಿನೈದು ದಿನ ಕಳೆಯಿತೆಂದರೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ವಿಷುವಿಗೆ ತಂದಿಟ್ಟ ಅಚ್ಚು ಬೆಲ್ಲ ಡಬ್ಬದ ತಳದಲ್ಲಿ ಕಪ್ಪು ಪಾಕವಾಗಿ ನಿಂತಿದೆ, ಇನ್ನು ಅದನ್ನು ಉಪಯೋಗಿಸಬಹುದೇ ಎಂದು ಬದಿಯಡ್ಕ, ಪೆರ್ಲ ಕಡೆಯವರು ಕೇಳುತ್ತಾರೆ. ಉಪ್ಪಳ, ಮಂಜೇಶ್ವರದವರ ಪ್ರಶ್ನೆ ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿರುತ್ತದೆ: ಮಗ ಗಲ್ಫಿನಿಂದ ತಂದ ಕಂದು ಸಕ್ಕರೆಯ ಪೊಟ್ಟಣ ಕಲ್ಲಾಗಿದೆ, ಒನಕೆ ತರಬೇಕೇ ಎಂದು. (ಅದನ್ನು ಇಂಗ್ಲಿಷ್ ಹೆಸರಿನಿಂದ ಕರೆಯಲು ನನಗೆ ಹಿಂಜರಿಕೆ. ನಮ್ಮ ಪತ್ರಿಕೆಗಳಲ್ಲಿ ‘ಬ್ರೌನ್ ಶುಗರ್’ ಎಂದರೆ ಪೊಲೀಸರು ಹಿಡಿಯುವ ಮಾದಕ ವಸ್ತು.)

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಒಣ ಹವೆಯ ದೇಶದವರು ತಮ್ಮ ಮನೆಗೆಂದು ಬರೆದುಕೊಂಡವು. ಸಕ್ಕರೆ ಒಣಗುವುದು ಅವರ ತೊಂದರೆ. ಹಾಗಾಗಿ ಡಬ್ಬಕ್ಕೆ ಬ್ರೆಡ್ ಚೂರು ಹಾಕಿ, ಒದ್ದೆ ಮಣ್ಣಿನ ಬಿಲ್ಲೆ ಹಾಕಿ ಎನ್ನುತ್ತಾರೆ. ಆಟಿ ತಿಂಗಳಲ್ಲಿ ಕಾಸರಗೋಡಿನ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಕ್ಕೆ ಬ್ರೆಡ್ ಹಾಕಿ ನೋಡಿ. ನಾಲ್ಕು ದಿನದಲ್ಲಿ ಬ್ರೆಡ್ಡಿಗೂ ಬೆಲ್ಲಕ್ಕೂ ಹಸಿರು ಗಡ್ಡ ಬಂದಿರುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನವರು ನಾವು. ನಮಗೆ ಬೇಕಾದ ಉಪಾಯ ಬೇರೆ. ಅದರಲ್ಲೂ ಬೆಲ್ಲ ಹೆಚ್ಚು ಖರ್ಚಾಗುವ ನಾಗರಪಂಚಮಿ, ಅಷ್ಟಮಿ, ಚೌತಿ ಎಲ್ಲವೂ ಬರುವುದು ಗೋಡೆಯೇ ಬೆವರುವ ದಿನಗಳಲ್ಲಿ. ಅರಸಿನ ಎಲೆಯ ಕಡುಬಿಗೆ ಹೂರಣ ಮಾಡುವ ದಿನ ಡಬ್ಬ ತೆರೆದರೆ ಹುಳಿ ವಾಸನೆ ಬಂದೀತೆಂದೇ ಈ ಲೇಖನ.

ಮೊದಲು ಕಾರಣ ತಿಳಿಯಿರಿ

ಬೆಲ್ಲದಲ್ಲಿ ಬಹುಪಾಲು ಸುಕ್ರೋಸ್. ನಾವು ಸಕ್ಕರೆ ಎನ್ನುವುದು ಇದನ್ನೇ. ಶುದ್ಧ ಸುಕ್ರೋಸ್ ಅಷ್ಟಾಗಿ ನೀರು ಹೀರುವುದಿಲ್ಲ. ಬಿಳಿ ಸಕ್ಕರೆ ಮಳೆಗಾಲದಲ್ಲೂ ಹೆಚ್ಚೆಂದರೆ ಅಂಟಂಟಾಗುತ್ತದೆ, ಹರಿದು ಹೋಗುವುದಿಲ್ಲ. ಆದರೆ ಕಬ್ಬಿನ ಹಾಲನ್ನು ಕಾಯಿಸುವಾಗ ಸುಕ್ರೋಸಿನ ಒಂದಂಶ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಇದಕ್ಕೆ ವಿಲೋಮ ಸಕ್ಕರೆ ಎಂದು ಹೆಸರು. ‘ಒಡೆದ ಸಕ್ಕರೆ’ ಎಂದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ. ಇವೆರಡರಲ್ಲಿ ಫ್ರಕ್ಟೋಸಿಗೆ ಗಾಳಿಯ ಪಸೆಯನ್ನು ಎಳೆದುಕೊಳ್ಳುವ ದುರಾಸೆ ಹೆಚ್ಚು. ಬೆಲ್ಲದಲ್ಲಿರುವ ಖನಿಜ ಲವಣಗಳೂ ಜೊತೆಗೂಡುತ್ತವೆ. ಗಾಳಿಯ ಆರ್ದ್ರತೆ, ಅಂದರೆ ಗಾಳಿ ಹೊರಬಲ್ಲ ನೀರಿನಲ್ಲಿ ಎಷ್ಟು ಪಾಲು ಈಗಾಗಲೇ ಹೊತ್ತಿದೆ ಎಂಬ ಲೆಕ್ಕ, ನಮ್ಮ ಮಳೆಗಾಲದಲ್ಲಿ ಶೇಕಡಾ 90ರ ಆಸುಪಾಸಿನಲ್ಲಿ ಇರುತ್ತದೆ. ಬೆಲ್ಲ ಆ ನೀರನ್ನು ಕುಡಿಯುತ್ತದೆ. ಮೇಲ್ಮೈ ಮೊದಲು ಹೊಳೆಯುತ್ತದೆ, ಆಮೇಲೆ ಕೈಗೆ ಅಂಟುತ್ತದೆ, ಕೊನೆಗೆ ಪಾಕ ಇಳಿಯುತ್ತದೆ. ಪಾಕ ತೆಳುವಾದಂತೆ ಕಾಡು ಯೀಸ್ಟ್‌ಗಳಿಗೆ ಹಬ್ಬ. ಹುಳಿ ವಾಸನೆ ಅಲ್ಲಿಂದ ಬರುತ್ತದೆ.

ಮನೆಯಲ್ಲಿ ಹಲಸಿನ ಬೆರಟಿ ಕಾಯಿಸಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ನೀರಿನಂಶ ಹೋಗುವವರೆಗೆ ಮಗುಚಿದ ಬೆರಟಿ ವರ್ಷ ಬಾಳುತ್ತದೆ, ಅವಸರದಲ್ಲಿ ಇಳಿಸಿದ್ದು ತಿಂಗಳೊಳಗೆ ಬೂಸ್ಟು ಹಿಡಿಯುತ್ತದೆ. ಎರಡರಲ್ಲೂ ಇರುವ ಹಣ್ಣು ಅದೇ, ಬೆಲ್ಲ ಅದೇ. ಉಳಿದ ನೀರು ಮಾತ್ರ ಬೇರೆ.

ಬೇಕಾಗುವ ಸಾಮಾನು

ಬಿಗಿ ಮುಚ್ಚಳದ ದೊಡ್ಡ ಸ್ಟೀಲ್ ಡಬ್ಬ ಅಥವಾ ಗಾಜಿನ ಭರಣಿ ಒಂದು, ಅರ್ಧ ಕಿಲೋ ಹಿಡಿಯುವ ಸಣ್ಣ ಡಬ್ಬ ಒಂದು, ಆಹಾರಕ್ಕೆ ಯೋಗ್ಯವಾದ ದಪ್ಪ ಪ್ಲಾಸ್ಟಿಕ್ ಚೀಲಗಳು, ತೆಳು ಹತ್ತಿಬಟ್ಟೆ, ಒಂದು ತಡ್ಪೆ ಅಥವಾ ಮೊರ. ಪಿಂಗಾಣಿ ಭರಣಿ ಇದ್ದರೆ ಒಳ್ಳೆಯದೇ, ಆದರೆ ಅದರ ಮುಚ್ಚಳ ಸಡಿಲವಾಗಿರುತ್ತದೆ. ಬಟ್ಟೆ ಕಟ್ಟಿದರೆ ಇರುವೆ ನಿಂತೀತು, ಪಸೆ ನಿಲ್ಲುವುದಿಲ್ಲ. ಅಲ್ಯೂಮಿನಿಯಂ ಮತ್ತು ಕಬ್ಬಿಣದ ಪಾತ್ರೆ ಬೇಡ. ಬೆಲ್ಲ ತುಸು ಆಮ್ಲೀಯ. ತಿಂಗಳುಗಟ್ಟಲೆ ತಾಗಿದ್ದರೆ ಲೋಹದ ರುಚಿ ಹಿಡಿಯುತ್ತದೆ.

ಹಂತ 1: ಮಳೆಗಾಲವನ್ನು ತಾಳುವ ಬೆಲ್ಲವನ್ನೇ ಕೊಳ್ಳಿ

ಇಡೀ ಕೆಲಸದ ಅರ್ಧ ಭಾಗ ಅಂಗಡಿಯಲ್ಲೇ ಮುಗಿಯುತ್ತದೆ. ಕೆಟ್ಟ ಬೆಲ್ಲವನ್ನು ಎಂಥ ಡಬ್ಬವೂ ಕಾಯಲಾರದು.

ಭಾಷೆಯ ಒಂದು ಎಚ್ಚರಿಕೆ, ಘಟ್ಟದ ಮೇಲಿನಿಂದ ಬಂದ ಸೊಸೆಯಂದಿರಿಗೆ: ಇಲ್ಲಿನ ಪೇಟೆಯಲ್ಲಿ ಮಲಯಾಳ ಮಾತನಾಡುವ ಅಂಗಡಿಯವರು ‘ಶರ್ಕರ’ ಎನ್ನುವುದು ಬೆಲ್ಲಕ್ಕೆ. ನಮ್ಮ ಸಕ್ಕರೆಗೆ ಅವರು ‘ಪಂಚಸಾರ’ ಎನ್ನುತ್ತಾರೆ. ಸಕ್ಕರೆ ಕೇಳಿ ಬೆಲ್ಲ ಹೊತ್ತು ಬಂದವರು ನಮ್ಮ ಕುಟುಂಬದಲ್ಲೇ ಇದ್ದಾರೆ.

ಕಬ್ಬು ಅರೆಯುವ ಮುಖ್ಯ ಕಾಲ ಮಳೆ ನಿಂತ ಮೇಲಿನಿಂದ ಬೇಸಿಗೆಯವರೆಗೆ. ಆದ್ದರಿಂದ ಮಳೆಗಾಲದ ದಾಸ್ತಾನನ್ನು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಕೊಂಡುಬಿಡಿ. ಮೇ ಕೊನೆಗೆ ಕಾದರೆ ಅಂಗಡಿಯ ಗೋಣಿಯಲ್ಲೇ ಅದು ಪಸೆ ಕುಡಿಯಲು ಆರಂಭಿಸಿರುತ್ತದೆ. ಎಷ್ಟು ಬೇಕು? ತಿಂಗಳಿಗೆ ಒಂದು ಕಿಲೋ ಖರ್ಚಿರುವ ಮನೆಯಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕು, ಹಬ್ಬಗಳಿಗೆ ಎರಡು, ಒಟ್ಟು ಆರು ಕಿಲೋ. ಬಂದವರಿಗೆ ಬೆಲ್ಲ-ನೀರು ಕೊಡುವ ಪದ್ಧತಿಯನ್ನು ಇನ್ನೂ ಉಳಿಸಿಕೊಂಡ ಮನೆಯವರು ಇನ್ನೊಂದು ಕಿಲೋ ಸೇರಿಸಿ. ಅದಕ್ಕಿಂತ ಹೆಚ್ಚು ತುಂಬಿಡುವುದು ನನಗೆ ಸರಿ ಕಾಣುವುದಿಲ್ಲ. ಹಿಂದಿನವರ ಹಾಗೆ ವರ್ಷಕ್ಕಾಗುವಷ್ಟು ತರಲು ಈಗ ಹಿಂದಿನ ಒಲೆಯೂ ಇಲ್ಲ, ಅಟ್ಟವೂ ಇಲ್ಲ.

ಕೈಯಲ್ಲಿ ಹಿಡಿದು ನಾಲ್ಕು ಪರೀಕ್ಷೆ ಮಾಡಿ.

ಎರಡು ಅಚ್ಚುಗಳನ್ನು ಒಂದಕ್ಕೊಂದು ತಟ್ಟಿ. ಟಣ್ ಎನ್ನುವಂಥ ಗಟ್ಟಿ ಸದ್ದು ಬರಬೇಕು. ಮಂದವಾದ ಸದ್ದು ಬಂದರೆ ಒಳಗೆ ನೀರು ಹೆಚ್ಚಿದೆ. ಪಾಕವನ್ನು ಸುಮಾರು 118 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸದೆ ಅವಸರದಲ್ಲಿ ಇಳಿಸಿದ ಬೆಲ್ಲ ಹೀಗಿರುತ್ತದೆ.

ಮುರಿದು ನೋಡಿ. ಒಳಗೆ ಮರಳು ಮರಳಾದ ಹರಳು ಕಾಣಬೇಕು. ಮೇಣದಂತೆ ಬಾಗಿ ಮುರಿದರೆ ಒಡೆದ ಸಕ್ಕರೆ ಜಾಸ್ತಿ. ಕಡಿದ ಕಬ್ಬನ್ನು ದಿನಗಟ್ಟಲೆ ಬಿಟ್ಟು ಅರೆದರೆ ಹೀಗಾಗುತ್ತದೆ. ಇದು ತಿನ್ನಲು ರುಚಿಯೇ, ಆದರೆ ಕೂಡಿಡಲು ತಕ್ಕುದಲ್ಲ.

ನಾಲಗೆಗೆ ಹಚ್ಚಿ. ಉಪ್ಪುಪ್ಪಾದರೆ ಲವಣ ಹೆಚ್ಚಿದೆ. ಅಂಥದ್ದು ಮೊದಲ ಮಳೆಗೇ ಬೆವರುತ್ತದೆ.

ಬಣ್ಣ ನೋಡಿ. ಹೊಳೆಯುವ ತಿಳಿ ಹಳದಿಯನ್ನು ಕಂಡು ಮರುಳಾಗಬೇಡಿ. ಆ ಬಣ್ಣ ಹಲವು ಬಾರಿ ‘ಹೈಡ್ರೋಸ್’ ಎಂಬ ಬಿಳಿಚಿಸುವ ಪುಡಿಯಿಂದ ಬಂದದ್ದು, ಕೆಲವು ತಿಂಗಳಲ್ಲಿ ಮಾಸುತ್ತದೆ. ಕಂದು ಅಥವಾ ಜೇನುಗಪ್ಪು ಬಣ್ಣದ ಬೆಲ್ಲಕ್ಕೆ ಮೋಸದ ಅವಕಾಶ ಕಡಿಮೆ. ಮಂಡ್ಯದ ಅಚ್ಚು, ಮಹಾರಾಷ್ಟ್ರದ ಕೊಲ್ಲಾಪುರದ ಪೆಂಟೆ, ಇಡುಕ್ಕಿ ಜಿಲ್ಲೆಯ ಮರಯೂರಿನ ಉಂಡೆ, ಯಾವುದಾದರೂ ಸರಿ. ಕೊಲ್ಲಾಪುರದ್ದಕ್ಕೂ ಮರಯೂರಿನದ್ದಕ್ಕೂ ಭೌಗೋಳಿಕ ಸೂಚಿಕೆ, ಅಂದರೆ ಊರ ಹೆಸರನ್ನು ಕಾಪಾಡುವ ಸರಕಾರಿ ಮುದ್ರೆ ಇದೆ. ಮರಯೂರಿಗೆ ಅದು ಸಿಕ್ಕಿದ್ದು 2019ರಲ್ಲಿ. ಆದರೆ ಮುದ್ರೆ ನೋಡಿ ಪರೀಕ್ಷೆ ಬಿಡಬೇಡಿ. ದೊಡ್ಡ ಪೆಂಟೆ ಸಿಕ್ಕರೆ ಅದೇ ಮೇಲು. ಗಾಳಿ ತಾಗುವ ಮೈ ಕಡಿಮೆಯಾದಷ್ಟೂ ಪಸೆ ಹೀರುವುದು ಕಡಿಮೆ.

ಹಂತ 2: ಆರಿಸಿ

ತಂದ ಬೆಲ್ಲವನ್ನು ನೇರವಾಗಿ ಡಬ್ಬಕ್ಕೆ ಹಾಕಬೇಡಿ. ಲಾರಿಯಲ್ಲಿ, ಗೋಣಿಯಲ್ಲಿ ಕುಡಿದ ಪಸೆ ಮೇಲ್ಮೈಯಲ್ಲಿ ಇರುತ್ತದೆ. ತಡ್ಪೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ, ತೆಳು ಬಟ್ಟೆ ಮುಚ್ಚಿ, ಗಾಳಿಯಾಡುವ ಜಗಲಿಯ ನೆರಳಿನಲ್ಲಿ ಎರಡು ಮೂರು ದಿನ ಇಡಿ. ಬೆಳಗ್ಗೆ ಹತ್ತರ ಮೇಲೆ ಹೊರಗಿಟ್ಟು ಸಂಜೆ ನಾಲ್ಕಕ್ಕೆ ಒಳಗೆ ತನ್ನಿ. ಮುಂಜಾನೆಯ ಮಂಜು ತಾಗಬಾರದು.

ಸಾಮಾನ್ಯ ತಪ್ಪು ಎಂದರೆ ಅಡಿಕೆ ಅಂಗಳದಲ್ಲಿ, ಸುಡುಬಿಸಿಲಿನಲ್ಲಿ ಹರಡುವುದು. ಅಡಿಕೆಗೆ ಆಗುವುದು ಬೆಲ್ಲಕ್ಕೆ ಆಗುವುದಿಲ್ಲ. ಏಪ್ರಿಲ್ ಬಿಸಿಲಿಗೆ ಬೆಲ್ಲದ ಮೈ ಮೆತ್ತಗಾಗಿ ತಡ್ಪೆಗೆ ಅಂಟುತ್ತದೆ, ಜೊತೆಗೆ ಸುತ್ತಲಿನ ತೋಟಗಳ ಜೇನ್ನೊಣಗಳೆಲ್ಲ ಹಾಜರಾಗುತ್ತವೆ. ಇನ್ನೊಂದು ತಪ್ಪು, ಬಿಸಿ ಇರುವಾಗಲೇ ಡಬ್ಬ ಮುಚ್ಚುವುದು. ತಣಿಯುವಾಗ ಮುಚ್ಚಳದ ಒಳಮೈಯಲ್ಲಿ ಹನಿಗಟ್ಟಿ ಮತ್ತೆ ಬೆಲ್ಲದ ಮೇಲೆಯೇ ಬೀಳುತ್ತದೆ. ರಾತ್ರಿ ಪೂರ್ತಿ ಒಳಗಿಟ್ಟು ತಣಿಸಿ.

ಡಬ್ಬ, ಭರಣಿಗಳನ್ನೂ ತೊಳೆದು ಬಿಸಿಲಿಗೆ ಇಡುವುದು ಈಗಲೇ. ಅವಕ್ಕೆ ಮಾತ್ರ ಸುಡುಬಿಸಿಲು ಒಳ್ಳೆಯದು. ಮುಚ್ಚಳದ ರಬ್ಬರ್ ಬಳೆ ಸೀಳಿದ್ದರೆ ಬದಲಿಸಿ.

ಹಂತ 3: ಪಾಲು ಮಾಡಿ

ಎಲ್ಲವನ್ನೂ ಒಂದೇ ದಿನ ಕುಟ್ಟಿ ಪುಡಿ ಮಾಡಿಡುವ ಅಚ್ಚುಕಟ್ಟು ಗೃಹಿಣಿಯರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪುಡಿಯಾದಷ್ಟೂ ಗಾಳಿಗೆ ಒಡ್ಡಿಕೊಳ್ಳುವ ಮೈ ಹೆಚ್ಚು. ದಾಸ್ತಾನು ಇಡಿ ಇಡಿಯಾಗಿಯೇ ಇರಲಿ; ಹದಿನೈದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮುರಿಯಿರಿ. ಮುರಿಯುವ ಕತ್ತಿ, ಕುಟ್ಟುವ ಕಲ್ಲು, ನಿಮ್ಮ ಕೈ ಮೂರೂ ಒಣಗಿರಲಿ. ಮೆಟ್ಟುಕತ್ತಿಯಲ್ಲಿ ಈಗಷ್ಟೇ ಬಸಳೆ ಹೆಚ್ಚಿ ಅದರಲ್ಲೇ ಬೆಲ್ಲ ಕೆರೆದರೆ ಬೂಸ್ಟಿಗೆ ನೀವೇ ವೀಳ್ಯ ಕೊಟ್ಟಂತೆ.

ಹಂತ 4: ಸುತ್ತಿ, ತುಂಬಿ, ಬಿಗಿ ಮಾಡಿ

ಹಳಬರು ಒಣಗಿದ ಬಾಳೆಎಲೆಯಲ್ಲಿ ಸುತ್ತಿ ಅಡಿಕೆ ಹಾಳೆಯಲ್ಲಿ ಕಟ್ಟಿ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಅದರ ಗುಟ್ಟು ಎಲೆಯಲ್ಲಿ ಇರಲಿಲ್ಲ, ಒಲೆಯಲ್ಲಿ ಇತ್ತು. ದಿನವಿಡೀ ಉರಿಯುವ ಸೌದೆಯ ಬಿಸಿ ಅಟ್ಟದ ಗಾಳಿಯನ್ನು ಒಣಗಿಸುತ್ತಿತ್ತು, ಹೊಗೆ ಕೀಟಗಳನ್ನು ದೂರ ಇಡುತ್ತಿತ್ತು. ಗ್ಯಾಸ್ ಒಲೆಯ ಮನೆಯಲ್ಲಿ ಎಲೆ ಮಾತ್ರ ಉಳಿಸಿಕೊಂಡರೆ ಪದ್ಧತಿ ಉಳಿದೀತು, ಬೆಲ್ಲ ಉಳಿಯುವುದಿಲ್ಲ. ಮನೆಯಲ್ಲಿ ಈಗಲೂ ಸೌದೆ ಒಲೆ ಉರಿಯುತ್ತಿದ್ದರೆ ಮಾತ್ರ ಹಳೆಯ ಕ್ರಮ ಮುಂದುವರಿಸಿ. ಎಲೆ ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರಲಿ.

ಉಳಿದವರು ಹೀಗೆ ಮಾಡಿ. ಒಂದೊಂದು ಅಚ್ಚನ್ನು ಅಥವಾ ಒಂದೊಂದು ಕಿಲೋವನ್ನು ಒಂದು ಚೀಲಕ್ಕೆ ಹಾಕಿ, ಒಳಗಿನ ಗಾಳಿಯನ್ನು ಅಂಗೈಯಿಂದ ಒತ್ತಿ ಹೊರಹಾಕಿ, ಬಾಯಿಯನ್ನು ಹುರಿಮಾಡಿ ರಬ್ಬರ್ ಹಾಕಿ. ಅದನ್ನು ಎರಡನೆಯ ಚೀಲಕ್ಕೆ ಹಾಕಿ ಹಾಗೆಯೇ ಕಟ್ಟಿ. ಈ ಪೊಟ್ಟಣಗಳನ್ನೆಲ್ಲ ದೊಡ್ಡ ಡಬ್ಬದಲ್ಲಿ ಸಾಲಾಗಿ ಜೋಡಿಸಿ. ಡಬ್ಬ ಭರ್ತಿಯಾಗಿರಬೇಕು, ಖಾಲಿ ಜಾಗವೆಂದರೆ ಪಸೆಗಾಳಿಗೆ ಕೊಟ್ಟ ಕೋಣೆ. ಜಾಗ ಉಳಿದರೆ ಒಣ ಬಟ್ಟೆ ತುರುಕಿ.

ಪತ್ರಿಕೆಯ ಕಾಗದದಲ್ಲಿ ಸುತ್ತಬೇಡಿ. ಅಂಟಿದ ಬೆಲ್ಲಕ್ಕೆ ಮುದ್ರಣದ ಶಾಯಿ ಇಳಿಯುತ್ತದೆ. ಆಹಾರ ಪದಾರ್ಥಗಳನ್ನು ಪತ್ರಿಕೆಯಲ್ಲಿ ಕಟ್ಟಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ.

ಹಂತ 5: ಎರಡು ಡಬ್ಬದ ನಿಯಮ

ಇದೊಂದನ್ನು ಪಾಲಿಸಿದರೆ ಉಳಿದ ಎಷ್ಟೋ ತಪ್ಪುಗಳನ್ನು ಬೆಲ್ಲ ಕ್ಷಮಿಸುತ್ತದೆ. ದೊಡ್ಡ ಡಬ್ಬ ಹದಿನೈದು ದಿನಕ್ಕೊಮ್ಮೆ ಮಾತ್ರ ತೆರೆಯಬೇಕು. ದಿನದ ಬಳಕೆಗೆ ಸಣ್ಣ ಡಬ್ಬ. ಪ್ರತಿ ಸಲ ಮುಚ್ಚಳ ತೆರೆದಾಗ ಒಳಗಿನ ಒಣ ಗಾಳಿ ಹೊರಗೆ ಹೋಗಿ ಹೊರಗಿನ ಪಸೆಗಾಳಿ ಒಳಗೆ ಬರುತ್ತದೆ. ದಿನಕ್ಕೆ ನಾಲ್ಕು ಸಲ ತೆರೆಯುವ ಡಬ್ಬದಲ್ಲಿ ಆರು ಕಿಲೋ ಇಡುವುದೆಂದರೆ ಆರು ಕಿಲೋಗೂ ಆ ಗಾಳಿ ಉಣಿಸಿದಂತೆ.

ದೊಡ್ಡ ಡಬ್ಬ ತೆರೆಯಲು ಮಳೆ ಬಿಟ್ಟು ತುಸು ಬಿಸಿಲು ಕಂಡ ಮಧ್ಯಾಹ್ನವನ್ನು ಆರಿಸಿಕೊಳ್ಳಿ. ಅನ್ನ ಬೇಯುತ್ತಿರುವಾಗ ಖಂಡಿತ ಬೇಡ. ನಮ್ಮ ಕುಚ್ಚಲಕ್ಕಿ ಬೇಯುವಷ್ಟು ಹೊತ್ತೂ ಅಡುಗೆಮನೆ ಹಬೆಯ ಗುಡಾಣವಾಗಿರುತ್ತದೆ. ಸಣ್ಣ ಡಬ್ಬದೊಳಗೆ ಒದ್ದೆ ಚಮಚ, ಚಹಾ ಮಗುಚಿದ ಚಮಚ ಹೋಗದಂತೆ ಮನೆಯವರಿಗೆಲ್ಲ ತಾಕೀತು ಮಾಡಿ. ಮಕ್ಕಳಿಗಿಂತ ಗಂಡಸರಿಗೆ ಇದನ್ನು ಹೆಚ್ಚು ಸಲ ಹೇಳಬೇಕಾಗುತ್ತದೆ.

ಹಂತ 6: ಜಾಗ

ನೆಲಕ್ಕೆ ತಾಗಿಸಬೇಡಿ, ಗೋಡೆಗೂ ತಾಗಿಸಬೇಡಿ. ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರದಲ್ಲಿ ಇರಲಿ. ಒಲೆಯ ಮೇಲಿನ ಕಪಾಟು ಹತ್ತಿರವೆಂದು ಅಲ್ಲಿಡುವವರು ಹೆಚ್ಚು. ಹಬೆ ಮೇಲೇರಿ ಸೇರುವುದು ಅಲ್ಲಿಗೇ. ಅಡುಗೆಮನೆಯ ಹೊರಗಿನ ಕೋಣೆ ಒಳ್ಳೆಯದು. ಉಪ್ಪಿನ ಭರಣಿಯ ಪಕ್ಕ ಬೇಡ, ಕಲ್ಲುಪ್ಪು ಮಳೆಗಾಲದಲ್ಲಿ ತಾನೇ ನೀರು ಸುರಿಸುತ್ತದೆ. ಈರುಳ್ಳಿ, ಸೀಮೆಎಣ್ಣೆ, ನುಸಿಗುಳಿಗೆ ಇವುಗಳ ವಾಸನೆಯನ್ನೂ ಬೆಲ್ಲ ಹಿಡಿದುಕೊಳ್ಳುತ್ತದೆ.

ಅಕ್ಕಿ ಡ್ರಮ್ಮಿನಲ್ಲಿ ಹೂತಿಡುವ ಉಪಾಯ ಅನೇಕರು ಹೇಳುವಂಥದ್ದು. ನಾನೂ ಒಂದು ವರ್ಷ ಮಾಡಿದ್ದೆ. ಬೇಸಿಗೆಯಲ್ಲಿ ಚೆನ್ನಾಗಿತ್ತು. ಜುಲೈಯಲ್ಲಿ ಅಕ್ಕಿಯೇ ಪಸೆ ಹಿಡಿದು ಬೆಲ್ಲದ ಸುತ್ತ ಉಂಡೆಗಟ್ಟಿತು, ಇರುವೆ ಸಾಲು ಡ್ರಮ್ಮಿಗೆ ದಾರಿ ಮಾಡಿತು, ನಾಲ್ಕು ದಿನ ಸಿಹಿ ಗಂಜಿ ಉಂಡೆವು. ಗಾಳಿಯಷ್ಟೇ ಪಸೆ ಇರುವ ಅಕ್ಕಿ ಬೆಲ್ಲದಿಂದ ನೀರು ಎಳೆಯಲಾರದು. ಎಳೆಯಬೇಕಾದರೆ ಅಕ್ಕಿ ಮೊದಲು ಒಣಗಿರಬೇಕು: ಎರಡು ಹಿಡಿ ಅಕ್ಕಿಯನ್ನು ಬಾಣಲೆಯಲ್ಲಿ ಬಣ್ಣ ತಿರುಗುವವರೆಗೆ ಹುರಿದು, ಮುಚ್ಚಿದ ಪಾತ್ರೆಯಲ್ಲಿ ತಣಿಸಿ, ಬಟ್ಟೆಯ ಪುಟ್ಟ ಗಂಟು ಕಟ್ಟಿ ದೊಡ್ಡ ಡಬ್ಬದ ಮೂಲೆಯಲ್ಲಿಡಿ. ಹದಿನೈದು ದಿನಕ್ಕೊಮ್ಮೆ ಡಬ್ಬ ತೆರೆದಾಗ ಮತ್ತೆ ಹುರಿಯಿರಿ. ಔಷಧದ ಡಬ್ಬಗಳಲ್ಲಿ ಬರುವಂಥ ಸಿಲಿಕಾ ಜೆಲ್, ಅಂದರೆ ಪಸೆ ಹೀರುವ ಹರಳುಗಳ ಪೊಟ್ಟಣ, ಆಹಾರಕ್ಕೆ ಯೋಗ್ಯ ಎಂದು ಬರೆದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಆದರೆ ಮಕ್ಕಳ ಕೈಗೆ ಸಿಗದಿರಲಿ, ಹರಿದ ಪೊಟ್ಟಣ ಬೇಡ. ಸುಟ್ಟ ಸುಣ್ಣದ ಗಂಟು ಇಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅದು ನೀರು ಕುಡಿದಾಗ ಬಿಸಿಯಾಗುತ್ತದೆ, ಉಬ್ಬಿ ಬಟ್ಟೆ ಹರಿಯುತ್ತದೆ, ಕಣ್ಣಿಗೆ ಬಿದ್ದರೆ ಅನಾಹುತ.

ಇರುವೆಗೆ ಬಿಗಿ ಮುಚ್ಚಳವೇ ಮದ್ದು. ಡಬ್ಬದ ಹೊರಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿ. ಅಂಟಿಲ್ಲದ ಡಬ್ಬಕ್ಕೆ ಇರುವೆ ಬರುವುದಿಲ್ಲ. ಇರುವೆ ಚಾಕ್ ಕೀಟನಾಶಕ. ಅದರ ಗೆರೆ ಆಹಾರದ ಡಬ್ಬದ ಹತ್ತಿರ ಸುಳಿಯಬಾರದು.

ಹಂತ 7: ಫ್ರಿಜ್ ಇದ್ದರೆ

ಫ್ರಿಜ್ಜಿನಲ್ಲಿ ಬೆಲ್ಲ ಇಡಬಾರದು ಎಂಬ ಮಾತು ಎಲ್ಲಿಂದ ಹುಟ್ಟಿತೋ ತಿಳಿಯದು. ತಂಪಿನಲ್ಲಿ ಯೀಸ್ಟ್, ಬೂಸ್ಟುಗಳ ಬೆಳವಣಿಗೆ ಕುಂಟುತ್ತದೆ, ಬಣ್ಣವೂ ಕಪ್ಪಾಗುವುದು ನಿಧಾನ. ಸೆಪ್ಟೆಂಬರ್‌ವರೆಗೆ ಉಳಿಯಬೇಕಾದ ಹಬ್ಬದ ಪಾಲನ್ನು ಎರಡು ಚೀಲದಲ್ಲಿ ಕಟ್ಟಿ ಡಬ್ಬಕ್ಕೆ ಹಾಕಿ ಅಲ್ಲಿಯೇ ಇಡಿ.

ಹಾಳಾಗುವುದು ಹೊರತೆಗೆಯುವ ರೀತಿಯಿಂದ. ತಣ್ಣಗಿನ ಪೊಟ್ಟಣವನ್ನು ಹೊರಗೆ ತಂದು ಕೂಡಲೇ ಬಿಚ್ಚಿದರೆ, ಮಂಜುಗಡ್ಡೆ ನೀರಿನ ಲೋಟದ ಹೊರಗೆ ಹನಿಗಟ್ಟುವಂತೆ, ಬೆಲ್ಲದ ಮೈಮೇಲೆಲ್ಲ ನೀರು ಕೂರುತ್ತದೆ. ಒಂದು ಪೊಟ್ಟಣ ಮಾತ್ರ ತೆಗೆಯಿರಿ, ಬಿಚ್ಚದೆ ಎರಡು ಗಂಟೆ ಹೊರಗಿಡಿ, ಹೊರಗಿನ ಹನಿ ಒರೆಸಿ, ಆಮೇಲೆ ಬಿಚ್ಚಿ. ಬಿಚ್ಚಿದ್ದನ್ನು ಮತ್ತೆ ಫ್ರಿಜ್ಜಿಗೆ ಹಾಕಿ ತೆಗೆದು ಮಾಡಬೇಡಿ.

ಪುಡಿ, ಓಲೆಬೆಲ್ಲ, ಜೋನಿ

ಪೊಟ್ಟಣದಲ್ಲಿ ಬರುವ ಬೆಲ್ಲದ ಪುಡಿಯಲ್ಲಿ ನೀರಿನಂಶ ಅಚ್ಚಿಗಿಂತ ಕಡಿಮೆ. ಆದರೆ ಒಮ್ಮೆ ಬಾಯಿ ತೆರೆದರೆ ಅಚ್ಚಿಗಿಂತ ಬೇಗ ಉಂಡೆಗಟ್ಟುತ್ತದೆ. ಮಳೆಗಾಲದಲ್ಲಿ ಅರ್ಧ ಕಿಲೋದ ಪೊಟ್ಟಣವನ್ನೇ ಕೊಂಡು ತಿಂಗಳೊಳಗೆ ಮುಗಿಸಿ.

ಓಲೆಬೆಲ್ಲ, ತಮಿಳುನಾಡಿನವರ ಕರುಪ್ಪಟ್ಟಿ, ತಾಳೆಯ ರಸದಿಂದ ಮಾಡಿದ್ದು. ಕಷಾಯಕ್ಕೆ ಬೇಕಾಗುವುದೇ ಹೆಚ್ಚಾದ್ದರಿಂದ ಮನೆಯಲ್ಲಿ ಬಹುಕಾಲ ಉಳಿಯುತ್ತದೆ. ಇದು ಕಬ್ಬಿನ ಬೆಲ್ಲಕ್ಕಿಂತ ಬೇಗ ಪಸೆ ಹಿಡಿಯುವುದನ್ನು ನೋಡಿದ್ದೇನೆ. ಸುತ್ತಿದ ಓಲೆ ಚೆಂದವೆಂದು ಹಾಗೆಯೇ ಇಡಬೇಡಿ. ಓಲೆಯ ಮಡಿಕೆಯಲ್ಲೇ ಬೂಸ್ಟು ಮೊದಲು ಕಾಣಿಸುತ್ತದೆ. ಬಿಚ್ಚಿ, ಒರೆಸಿ, ಚೀಲಕ್ಕೆ ಹಾಕಿ ಫ್ರಿಜ್ಜಿಗೆ ಸೇರಿಸಿ.

ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ, ಗಾಜಿನ ಬಾಟಲಿಯಲ್ಲಿರಲಿ, ಮೇಲೆ ಎರಡು ಬೆರಳು ಜಾಗ ಬಿಡಿ. ಮುಚ್ಚಳ ತೆರೆದಾಗ ಬುಸ್ ಎಂದರೆ ಹುದುಗು ಆರಂಭವಾಗಿದೆ ಎಂದರ್ಥ.

ಈಗ ಕಂದು ಸಕ್ಕರೆ

ಇದು ಬೆಲ್ಲದ ಪುಡಿಯಲ್ಲ. ಬಿಳಿ ಸಕ್ಕರೆಯ ಹರಳಿಗೆ ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಲೇಪಿಸಿದ್ದು. ತಿಳಿ ಬಣ್ಣದ್ದರಲ್ಲಿ ಕಾಕಂಬಿ ಸುಮಾರು ಶೇಕಡಾ 3.5, ಗಾಢ ಬಣ್ಣದ್ದರಲ್ಲಿ 6.5ರಷ್ಟು ಇರುತ್ತದೆ. ಆ ಲೇಪದ ಪಸೆ ಇರುವಷ್ಟು ದಿನ ಸಕ್ಕರೆ ಒದ್ದೆ ಮರಳಿನಂತೆ ಮೆತ್ತಗೆ. ಎಸಿ ಕೋಣೆಯ ಒಣ ಗಾಳಿಯಲ್ಲಿ ಲೇಪ ಒಣಗಿ ಹರಳುಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತದೆ. ಗಲ್ಫಿನ ಫ್ಲ್ಯಾಟಿನಲ್ಲಿ ಬಾಯಿ ತೆರೆದಿಟ್ಟ ಪೊಟ್ಟಣ ಇಲ್ಲಿಗೆ ಕಲ್ಲಾಗಿ ಬರುವುದು ಹೀಗೆ. ದೊಡ್ಡ ಹರಳಿನ ಡೆಮರಾರ ಎಂಬ ಬಗೆ ಮಾತ್ರ ಉದುರುದುರಾಗಿಯೇ ಇರುತ್ತದೆ, ಅದಕ್ಕೆ ಈ ಉಪಚಾರ ಬೇಡ.

1. ಕಲ್ಲಾದದ್ದನ್ನು ಡಬ್ಬಕ್ಕೆ ಹಾಕಿ, ಮೇಲೊಂದು ಬಟ್ಟಲಿನಲ್ಲಿ ಸೇಬಿನ ಹೋಳು ಅಥವಾ ಬ್ರೆಡ್ ಚೂರು ಇಟ್ಟು ಮುಚ್ಚಿ. ಒಂದು ರಾತ್ರಿ ಸಾಕು. ಬೆಳಗ್ಗೆ ಚೂರನ್ನು ಮರೆಯದೆ ತೆಗೆಯಿರಿ.

2. ಅಥವಾ ಎಣ್ಣೆ, ಬಣ್ಣ ತಾಗದ ಹೊಸ ಮಡಕೆಯ ಚೂರನ್ನು ತೊಳೆದು, ಕಾಲು ಗಂಟೆ ನೀರಲ್ಲಿ ನೆನೆಸಿ, ಒರೆಸಿ, ಡಬ್ಬದಲ್ಲಿಡಿ. ಮೆತ್ತಗಾದ ಕೂಡಲೇ ಹೊರಗೆ.

3. ಅವಸರವಿದ್ದರೆ ಬಟ್ಟಲಿಗೆ ಹಾಕಿ ಒದ್ದೆ ಕಾಗದದ ಕರವಸ್ತ್ರ ಮುಚ್ಚಿ ಮೈಕ್ರೋವೇವಿನಲ್ಲಿ 20 ಸೆಕೆಂಡು ಬಿಸಿ ಮಾಡಿ, ಮುಳ್ಳುಚಮಚದಿಂದ ಬಿಡಿಸಿ. ಕೂಡಲೇ ಬಳಸಿ, ತಣಿದರೆ ಮತ್ತೆ ಕಲ್ಲಾಗುತ್ತದೆ. ಹೆಚ್ಚು ಹೊತ್ತು ಇಟ್ಟರೆ ಕರಗಿ ಕೈ ಸುಡುತ್ತದೆ.

4. ಮಳೆಗಾಲದಲ್ಲಿ ಇವು ಯಾವುವೂ ಬೇಡ. ಪೊಟ್ಟಣವನ್ನು ಬಟ್ಟಲಿಗೆ ಸುರಿದು ತೆಳು ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡಿ. ಊರಿನ ಗಾಳಿ ಬಿಟ್ಟಿ ಕೆಲಸ ಮಾಡುತ್ತದೆ. ಬೆಳಗ್ಗೆ ಎದ್ದ ತಕ್ಷಣ ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ, ಮರೆತರೆ ಸಂಜೆಗೆ ಕೆಸರು.

ಆಮೇಲೆ ಅದಕ್ಕೆ ಬಿಗಿ ಮುಚ್ಚಳ ಬಿಟ್ಟರೆ ಬೇರೇನೂ ಬೇಕಿಲ್ಲ. ಪಸೆ ಹೀರುವ ಪೊಟ್ಟಣವನ್ನು ಕಂದು ಸಕ್ಕರೆಯ ಡಬ್ಬಕ್ಕೆ ಹಾಕಬೇಡಿ. ಬೆಲ್ಲಕ್ಕೆ ಮಿತ್ರನಾದದ್ದು ಇಲ್ಲಿ ಶತ್ರು.

ಆದರೂ ನೀರೊಡೆದರೆ

ಮೈ ಬೆವರಿದೆ, ವಾಸನೆ ಸರಿಯಾಗಿದೆ ಎಂದಾದರೆ ಗಾಬರಿ ಬೇಡ. ಒರೆಸಿ ಆ ಅಚ್ಚನ್ನು ಮೊದಲು ಖರ್ಚು ಮಾಡಿ.

ತಳದಲ್ಲಿ ಪಾಕ ಇಳಿದಿದೆ, ಹುಳಿ ಇಲ್ಲ ಎಂದಾದರೆ ಪಾಕವನ್ನೂ ಮೆತ್ತಗಾದ ಬೆಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ, ತುಸುವೇ ನೀರು ಸೇರಿಸಿ ಕರಗಿಸಿ, ಬಟ್ಟೆಯಲ್ಲಿ ಸೋಸಿ. ಕಸ, ಇರುವೆ, ಮರಳು ಅಲ್ಲಿಗೆ ಹೋಗುತ್ತದೆ. ಮತ್ತೆ ಸಣ್ಣ ಉರಿಯಲ್ಲಿ ಕುದಿಸಿ, ಎರಡು ಬೆರಳ ನಡುವೆ ಒಂದೆಳೆ ಬರುವಾಗ ಇಳಿಸಿ. ಒಣಗಿದ ಗಾಜಿನ ಬಾಟಲಿಗೆ ತುಂಬಿ ತಣಿದ ಮೇಲೆ ಫ್ರಿಜ್ಜಿನಲ್ಲಿಡಿ. ಎರಡು ಮೂರು ವಾರ ಪಾಯಸಕ್ಕೆ, ಗೊಜ್ಜಿಗೆ, ದೋಸೆಯ ಜೊತೆಗೆ ಬರುತ್ತದೆ. ಅದನ್ನು ಮತ್ತೆ ಅಚ್ಚು ಮಾಡುವ ಸಾಹಸಕ್ಕೆ ಇಳಿಯಬೇಡಿ, ಗಟ್ಟಿಯಾಗುವುದಿಲ್ಲ. ಕಾಯಿಸಿದಷ್ಟೂ ಒಡೆದ ಸಕ್ಕರೆ ಹೆಚ್ಚುತ್ತದೆ.

ಕಪ್ಪಾದ ಮಾತ್ರಕ್ಕೆ ಬೆಲ್ಲ ಕೆಟ್ಟಿಲ್ಲ. ಹಳೆಯದಾದಂತೆ ಬಣ್ಣ ಏರುವುದು ಸಹಜ; ಆಯುರ್ವೇದದವರು ಹಳೆ ಬೆಲ್ಲವನ್ನೇ ಕೇಳುತ್ತಾರೆ. ಬಿಳಿ ಪುಡಿ ಕಂಡರೆ ಮುಟ್ಟಿ ನೋಡಿ. ಗರಿಗರಿಯಾಗಿ ನಾಲಗೆಗೆ ಸಿಹಿಯಾದರೆ ಸಕ್ಕರೆಯ ಹರಳು. ಹತ್ತಿಯ ನಾರಿನಂತಿದ್ದರೆ, ಹಸಿರೋ ಬೂದಿಯೋ ಬಣ್ಣವಿದ್ದರೆ, ಮುಗ್ಗುಲು ವಾಸನೆ ಇದ್ದರೆ ಬೂಸ್ಟು. ನಾಲಗೆಗೆ ತಾಗಿಸುವ ಮಾತೇ ಇಲ್ಲ. ಮೇಲಿನದ್ದನ್ನು ಕೆರೆದು ಉಳಿದದ್ದು ಬಳಸುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ. ಬೆಲ್ಲದ ಒಳಗೆಲ್ಲ ಸಣ್ಣ ರಂಧ್ರಗಳಿರುತ್ತವೆ, ಬೂಸ್ಟಿನ ಎಳೆ ಕಣ್ಣಿಗೆ ಕಾಣುವುದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ಕೆಲವು ಬೂಸ್ಟುಗಳ ವಿಷ ಕುದಿಸಿದರೂ ಹೋಗುವುದಿಲ್ಲ. ಆ ಅಚ್ಚನ್ನು ಪೂರ್ತಿ ಬಿಡಿ. ಹಾಳಾಯಿತಲ್ಲ ಎಂದು ಹಟ್ಟಿಯ ಹಸುವಿಗೂ ತಿನ್ನಿಸಬೇಡಿ, ಅದಕ್ಕೂ ಹೊಟ್ಟೆ ಇದೆ.

ಬೂಸ್ಟಿಲ್ಲದೆ ಬರೀ ಹುಳಿತು ಹೋದ ಬೆಲ್ಲ ತೋಟಕ್ಕೆ ಆಗುತ್ತದೆ. ಜೀವಾಮೃತ ಮಾಡುವವರಿಗೆ ಹೇಗೂ ಬೆಲ್ಲ ಬೇಕು: 200 ಲೀಟರ್ ನೀರಿನ ಡ್ರಮ್ಮಿಗೆ 10 ಕಿಲೋ ನಾಟಿ ಹಸುವಿನ ಸೆಗಣಿ, 10 ಲೀಟರ್ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ತೋಟದ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ಕೋಲಿನಿಂದ ತಿರುವಿ. ಎರಡು ದಿನ ಕಳೆದ ಮೇಲೆ ಅಡಿಕೆ ಮರದ ಬುಡಕ್ಕೆ ಹಾಕಬಹುದು. ಮಳೆ ಬಿಡುವು ಕೊಟ್ಟ ದಿನ ನೋಡಿ ಹಾಕಿ, ಇಲ್ಲದಿದ್ದರೆ ತೋಡಿನ ನೀರಿಗೆ ಹೋದೀತು.